ಹಸಿರು ಚುಕ್ಕೆ ಒರೆಸಿದವಳು

ರೇಣುಕಾ, ಆ ಹಸಿರು ಚುಕ್ಕೆಯನ್ನು ಒರೆಸಿದ್ದು ನಾನು.

ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನೀನು ಎಣಿಸಿದ್ದು ಸರಿ ಇತ್ತು — ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ತಪ್ಪು ಎಣಿಸಿದವಳು ನಾನು, ಗೊತ್ತಿದ್ದೇ ತಪ್ಪು ಎಣಿಸಿದವಳು, ಆಮೇಲೆ ಸುಳ್ಳು ಹೇಳಿ ನಿನ್ನನ್ನು ಸಿಕ್ಕಿಸಿದವಳೂ ನಾನೇ. ಈ ನಾಲ್ಕು ಸಾಲು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು ನೋಡು. ಈಗ ಬರೆದಾದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ. ನಡುವೆ ಎರಡು ಸಲ ಎದ್ದು ಹೋಗಿ ಚಹಾ ಮಾಡಿದೆ, ಎರಡು ಸಲವೂ ಕುಡಿಯಲು ಮರೆತೆ. ಹೆದರಿಕೆ ಅಲ್ಲ ಇದು. ಹೆದರಿಕೆಯ ಪರಿಚಯ ನನಗೆ ಚೆನ್ನಾಗಿದೆ — ಇದು ಬೇರೆ.

ನಾಳೆ ಬೆಳಿಗ್ಗೆ ಪಟಾನ್‌ಚೆರುವಿಗೆ, ನಿನ್ನ ಮನೆಗೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆನಲ್ಲ, ಇದಕ್ಕೇ. ಈ ಕಾಗದ ನಿನ್ನ ಕೈಯಲ್ಲಿ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುವುದಕ್ಕೆ. ಬಾಯಿಂದ ಹೇಳಲು ಹೊರಟರೆ ನಾನು ಅಳುತ್ತೇನೆ, ನಾನು ಅತ್ತರೆ ನೀನು ಸಮಾಧಾನ ಮಾಡಲು ಶುರುಮಾಡುತ್ತೀ, ಅಷ್ಟರಲ್ಲಿ ಹೇಳಬೇಕಾದದ್ದು ಎಲ್ಲಿಗೋ ಹೋಗಿರುತ್ತದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಫೋನಿನಲ್ಲೂ ಹಾಗೇ ಮಾಡಿದೆ ನೀನು. “ಬರ್ರಿ ಅಕ್ಕಾರ, ಭಾಳ ದಿವಸ ಆತು ನಿಮ್ಮ ಮಾರಿ ನೋಡಿ, ಊಟಕ್ಕ ಇಲ್ಲೇ ಇರಬೇಕು ಮತ್ತ” ಅಂದೆ. ಆ ಮಾತು ಕೇಳಿ ನಾನು ಫೋನು ಕೆಳಗಿಟ್ಟು ಕಾಗದ, ಪೆನ್ನು ಹುಡುಕಿಕೊಂಡು ಕೂತೆ.

ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ನಿನ್ನ ಗಂಡ ಇದನ್ನು ಓದಬೇಕು, ನಿನ್ನ ಮಗಳು ಓದಬೇಕು. ಲ್ಯಾಬಿನಲ್ಲಿ ಎಣಿಸಲು ಬರದೆ ಕೆಲಸ ಬಿಟ್ಟವಳು ಎಂದು ಆ ಮನೆಯಲ್ಲಿ ಯಾರಾದರೂ ನಗೆಚಾಟಿಕೆಗೆ ಅಂದಿದ್ದರೂ, ಅವರಿಗೆ ನಿಜ ತಿಳಿಯಬೇಕು.

ನಾವಿಬ್ಬರೂ ಆಗ ಹೈದರಾಬಾದಿನ ಒಂದು ಆಸ್ಪತ್ರೆಯ ಪ್ಯಾಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ನರು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರು ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಮೇಣದಲ್ಲಿ ಕೂರಿಸಿ ಬ್ಲಾಕು ಮಾಡಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಬಿಸಿನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುವುದು ನಮ್ಮ ಕೆಲಸ. ನಾನು ಮುದ್ದೇಬಿಹಾಳದವಳು, ಹದಿನಾಲ್ಕು ವರ್ಷದಿಂದ ಅಲ್ಲಿದ್ದವಳು, ಎಲ್ಲರಿಗೂ ‘ಸೀನಿಯರ್ ಸುಮಿತ್ರಾ ಮೇಡಂ’. ನೀನು ಕುಷ್ಟಗಿಯಿಂದ ಬಂದ ಹೊಸ ಹುಡುಗಿ. ಬಂದ ಮೊದಲ ದಿನವೇ ನಾನು ಹೆರೆಯುವ ಯಂತ್ರದ ಮುಂದೆ ಕೂತು “ಏನ್ ಸುಡಗಾಡ ಬ್ಲೇಡಪಾ ಇದು” ಎಂದು ಗೊಣಗುತ್ತಿದ್ದಾಗ ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ನೀನು. ದಿನವೆಲ್ಲ ತೆಲುಗು, ಹಿಂದಿ ಆಡಿ ಬಾಯಿ ದಣಿದಿದ್ದ ನನಗೆ ಆ ದಿನ ಎಷ್ಟು ಖುಷಿಯಾಗಿತ್ತು ಗೊತ್ತೇ?

ಆಮೇಲೆ ದೊಡ್ಡ ಡಾಕ್ಟರು ಆ ಅಧ್ಯಯನ ಶುರು ಮಾಡಿದರು. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಆದ ಹೆಂಗಸರ ಹಳೆಯ, ಹೊಸ ಬ್ಲಾಕುಗಳನ್ನೆಲ್ಲ ತೆಗೆದು, ಗಡ್ಡೆಯೊಳಗೆ ಎಷ್ಟು ಹೊಸ ರಕ್ತನಾಳ ಬೆಳೆದಿವೆ ಎಂದು ಎಣಿಸುವುದು. ನಾಳ ಹೆಚ್ಚಿದ್ದವರಿಗೆ ಕಾಯಿಲೆ ಮರಳಿ ಬರುವುದು ಹೆಚ್ಚೋ, ಕಡಿಮೆ ಇದ್ದವರು ಹೆಚ್ಚು ಬದುಕುತ್ತಾರೋ ಎಂದು ನೋಡುವುದು. ಡಾಕ್ಟರು ಬೋರ್ಡಿನ ಮೇಲೆ ಬರೆದು ವಿವರಿಸಿದ್ದು ನೆನಪಿದೆಯಲ್ಲ? ಗಡ್ಡೆ ಚಿಕ್ಕದಿರುವಾಗ ಅಕ್ಕಪಕ್ಕದಿಂದ ಸಿಕ್ಕಿದ್ದನ್ನು ತಿಂದುಕೊಂಡು ಇರುತ್ತದೆ. ದೊಡ್ಡದಾಗಬೇಕೆಂದರೆ ತನ್ನದೇ ರಕ್ತ ಬೇಕು, ಅದಕ್ಕಾಗಿ ಮೈಯ ನಾಳಗಳಿಗೆ ಹೇಳಿ ಕಳಿಸುತ್ತದೆ, ಅವು ಚಿಗುರೊಡೆದು ಗಡ್ಡೆಯತ್ತ ಬರುತ್ತವೆ. ನಾನು ಬಾಯಿ ತೆರೆದುಕೊಂಡು ಕೇಳಿದ್ದೆ. ಇಷ್ಟು ವರ್ಷ ಹೆರೆದ ಚೂರುಗಳಲ್ಲಿ ಇಂಥದ್ದೊಂದು ನಡೆಯುತ್ತಿತ್ತೇ!

ಮೊದಲ ಸ್ಲೈಡು ನೆನಪಿದೆಯೇ? ನಾಳದ ಒಳಗೋಡೆಗೆ ಮಾತ್ರ ಹಿಡಿಯುವ ಆ ಬಣ್ಣ ಹಾಕಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಾಗ — ತಿಳಿನೀಲಿಯ ನಡುವೆ ಎಲ್ಲೆಲ್ಲೂ ಕಂದು ಬಣ್ಣದ ಸಣ್ಣಸಣ್ಣ ಉಂಗುರ, ಗೆರೆ, ಚಿಗುರು! ನೀನು ಕುಣಿದೇಬಿಟ್ಟೆ. “ಅಕ್ಕಾರ, ಮೆಹಂದಿ ಹಚ್ಚಿದಂಗ ಐತ್ರಿ!” ಎಂದು ಕೂಗಿದೆ, ಪಕ್ಕದ ರೂಮಿನಿಂದ ಡಾಕ್ಟರು ಇಣುಕಿದರು. ನಾನೂ ಕುಣಿಯಬೇಕಿತ್ತು, ವಯಸ್ಸು ನೋಡಿ ಸುಮ್ಮನಿದ್ದೆ. ಆ ದಿನಗಳ ಸಂಭ್ರಮ ನಾನು ಸುಳ್ಳು ಮಾಡಲಾರೆ ರೇಣುಕಾ. ಆಮೇಲೆ ನಾನು ಏನು ಮಾಡಿದರೂ, ಅದು ನಿಜವಾದ ಸಂಭ್ರಮವೇ ಆಗಿತ್ತು.

ಎಣಿಸುವ ನಿಯಮ ಸರಳ. ಮೊದಲು ದೂರದ ನೋಟದಲ್ಲಿ ಇಡೀ ಸ್ಲೈಡಿನ ಮೇಲೆ ಓಡಾಡಿ, ನಾಳಗಳು ಅತಿ ದಟ್ಟವಾಗಿರುವ ಜಾಗ ಹುಡುಕುವುದು. ಆಮೇಲೆ ಆ ಜಾಗವನ್ನು ಹತ್ತಿರ ತಂದು, ಅಲ್ಲಿ ಕಾಣುವ ನಾಳಗಳನ್ನು ಎಣಿಸುವುದು. ಎಣಿಕೆಗಿಂತ ಹುಡುಕುವುದೇ ಮುಖ್ಯ. ಜಾಗ ತಪ್ಪಿದರೆ ಎಷ್ಟು ಪ್ರಾಮಾಣಿಕವಾಗಿ ಎಣಿಸಿದರೂ ಅದು ತಪ್ಪೇ. ಸ್ಲೈಡು ಯಾರದ್ದೆಂದು ನಮಗೆ ತಿಳಿಯಬಾರದು, ಅದಕ್ಕೆ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಬರೀ ನಂಬರು ಬರೆದಿರುತ್ತಿದ್ದರು. ಮೊದಲು ನಾನು ಎಣಿಸಬೇಕು, ಆಮೇಲೆ ನೀನು, ಒಬ್ಬರದು ಒಬ್ಬರು ನೋಡುವಂತಿಲ್ಲ. ಭಾರೀ ವ್ಯತ್ಯಾಸ ಬಂದರೆ ಡಾಕ್ಟರು ಬಂದು ಕೂತು ನೋಡಬೇಕು. ನಿನಗೆ ಮಾತ್ರ ಒಂದು ಅಭ್ಯಾಸವಿತ್ತು — ದಟ್ಟ ಜಾಗ ಸಿಕ್ಕ ಕೂಡಲೇ ಹಸಿರು ಮಾರ್ಕರಿನಿಂದ ಸ್ಲೈಡಿನ ಮೇಲೆ ಸಣ್ಣದೊಂದು ಚುಕ್ಕೆ ಇಡುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ ಅದು. “ನಾಳೆ ಕೇಳಿದ್ರ ತೋರಸಾಕ ಬರಬೇಕಲ್ರಿ” ಎನ್ನುತ್ತಿದ್ದೆ. ನಿನ್ನ ಕಣ್ಣು ಎಂಥದ್ದೆಂದರೆ, ನಾನು ಹತ್ತು ನಿಮಿಷ ಹುಡುಕುವ ಜಾಗವನ್ನು ನೀನು ಎರಡು ನಿಮಿಷದಲ್ಲಿ ಹಿಡಿಯುತ್ತಿದ್ದೆ. ನನಗೆ ಹೆಮ್ಮೆಯಾಗುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ಆದರೆ ನಾನು ಮಾಡಿದ್ದು ಹೊಟ್ಟೆಕಿಚ್ಚಿಗಲ್ಲ. ಹಾಗಾಗಿದ್ದರೆ ಬಹುಶಃ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ.

ಅದೇ ವರ್ಷ ನಮ್ಮ ಕಮಲಕ್ಕ ಊರಿನಿಂದ ಲಿಂಗಂಪಲ್ಲಿಗೆ ನನ್ನ ಮನೆಗೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ನಾಚಿಕೆಗೆ ಯಾರಿಗೂ ಹೇಳದೆ ಮೂರು ತಿಂಗಳು ಬಟ್ಟೆ ಒಗೆದುಕೊಂಡಿದ್ದಳಂತೆ. ನಾನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದೆ. ಕ್ಯಾನ್ಸರ್. ಗರ್ಭಕೋಶ ತೆಗೆದರು. ನಿನಗೆ ಇಷ್ಟು ಗೊತ್ತಿತ್ತು. ಟಿಫಿನ್ ಡಬ್ಬಿಯಲ್ಲಿ ಗಂಜಿ ಮಾಡಿಕೊಂಡು ನೀನೇ ವಾರ್ಡಿಗೆ ಬಂದು ಹೋಗುತ್ತಿದ್ದೆಯಲ್ಲ. ನಿನಗೆ ಗೊತ್ತಿಲ್ಲದ್ದು ಇದು: ಅಕ್ಕನ ಬ್ಲಾಕು ಹೆರೆದವಳು ನಾನು. ಬೇರೆಯವರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಬಿಸಿನೀರಿನ ಮೇಲೆ ಆ ಚೂರು ತೇಲಿದಾಗ ಮಾವಿನಕಾಯಿ ಹೋಳಿನ ಆಕಾರದಲ್ಲಿತ್ತು, ಒಂದು ತುದಿಯಲ್ಲಿ ಸಣ್ಣ ಕಚ್ಚು. ಅದನ್ನು ನಾನು ಮರೆಯುವುದು ಹೇಗೆ?

ಕೆಲವು ತಿಂಗಳಾದ ಮೇಲೆ ಬಿಳಿ ಪಟ್ಟಿ ಅಂಟಿಸಿದ ಸ್ಲೈಡುಗಳ ಟ್ರೇಯಲ್ಲಿ ಆ ಮಾವಿನ ಹೋಳು ನನ್ನ ಎದುರಿಗೆ ಬಂತು.

ಆಗಲೇ ಎದ್ದು, “ಸರ್, ಇದು ನನಗೆ ಗೊತ್ತಿರುವವರದ್ದು, ನಾನು ಎಣಿಸುವಂತಿಲ್ಲ” ಅನ್ನಬೇಕಿತ್ತು. ಒಂದು ಮಾತು. ಅಷ್ಟೇ ಸಾಕಿತ್ತು. ನಾನು ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟೆ. ಅಂಚಿನಿಂದ ಸ್ವಲ್ಪ ಒಳಗೆ, ಗಡ್ಡೆ ಸ್ನಾಯುವಿನೊಳಕ್ಕೆ ಇಳಿಯುವ ಕಡೆ — ಅಬ್ಬಾ, ಎಷ್ಟು ನಾಳಗಳು! ಎಲ್ಲೂ ಅಷ್ಟು ದಟ್ಟವಾಗಿ ಕಂಡಿರಲಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ನಿನ್ನನ್ನು ಕೂಗಿ ಕರೆದು ತೋರಿಸುತ್ತಿದ್ದೆ. ಅಷ್ಟು ಚೆಂದ ಇತ್ತು. ನನ್ನ ಅಕ್ಕನ ಹೊಟ್ಟೆಯಲ್ಲಿದ್ದದ್ದು ಅಷ್ಟು ಚೆಂದ ಇರಬಾರದಾಗಿತ್ತು.

ನನ್ನ ಕೈ ತಾನಾಗಿ ಸ್ಲೈಡನ್ನು ಸರಿಸಿತು ಎಂದು ಬರೆಯಲು ಹೊರಟಿದ್ದೆ. ಹೊಡೆದುಹಾಕಿದ್ದೇನೆ. ಕೈ ತಾನಾಗಿ ಏನನ್ನೂ ಮಾಡಲಿಲ್ಲ, ನಾನೇ ಸರಿಸಿದೆ. ನಡುವೆ ಒಂದು ತೆಳು ಜಾಗ ಹುಡುಕಿ, ಅಲ್ಲಿ ನಿಲ್ಲಿಸಿ, ಹದಿನಾರು ಎಂದು ಬರೆದೆ. ಬರೆದ ಕೂಡಲೇ ಎಂಥ ನಿರಾಳ! ಎಣಿಸದೇ ಬಿಟ್ಟರೆ ಆ ನಾಳಗಳು ಇಲ್ಲವೇ ಇಲ್ಲ ಎಂಬಂತೆ. ಇನ್ನೂ ಕೇಳು — ಆ ಎಣಿಕೆಗೂ ಅಕ್ಕನ ಚಿಕಿತ್ಸೆಗೂ ಸಂಬಂಧವೇ ಇರಲಿಲ್ಲ. ಅದು ಬರೀ ಅಧ್ಯಯನ. ಅವಳಿಗೆ ಕೊಡಬೇಕಾದ ರೇಡಿಯೇಷನ್ನನ್ನು ಡಾಕ್ಟರು ಬೇರೆ ರಿಪೋರ್ಟುಗಳನ್ನು ನೋಡಿ ಆಗಲೇ ನಿರ್ಧರಿಸಿದ್ದರು. ಹಾಗಾಗಿ ಅಕ್ಕನನ್ನು ಉಳಿಸಲು ಮಾಡಿದೆ ಎಂದು ಹೇಳಿಕೊಳ್ಳಲೂ ನನಗೆ ಬಾಯಿಲ್ಲ. ಒಂದು ಪಟ್ಟಿಯಲ್ಲಿ ಅವಳ ನಂಬರಿನ ಎದುರು ದೊಡ್ಡ ಸಂಖ್ಯೆ ಬೀಳುವುದನ್ನು ನನಗೆ ನೋಡಲಾಗಲಿಲ್ಲ, ಅಷ್ಟೇ.

ಮರುದಿನ ನೀನು ಅದೇ ಸ್ಲೈಡು ನೋಡಿ ನಲವತ್ತೊಂದು ಎಂದು ಬರೆದೆ. ಹಸಿರು ಚುಕ್ಕೆಯನ್ನೂ ಇಟ್ಟೆ. ಹದಿನಾರಕ್ಕೂ ನಲವತ್ತೊಂದಕ್ಕೂ ಎಲ್ಲಿಂದೆಲ್ಲಿಗೆ? ಡಾಕ್ಟರು ಮಧ್ಯಾಹ್ನ ಬಂದು ನೋಡುತ್ತೇನೆ ಎಂದರು. ನೀನು ಊಟಕ್ಕೆ ಹೋದಾಗ, ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡು, ಆ ಚುಕ್ಕೆಯನ್ನು ಒಂದೇ ಸಲಕ್ಕೆ ಒರೆಸಿದೆ. ಹತ್ತಿಯ ಮೇಲೆ ಹಸಿರು ಕಲೆ ಇತ್ತು. ಅದನ್ನು ಕಸದ ಕೆಂಪು ಡಬ್ಬಿಗೆ ಹಾಕಿ, ಕೈ ತೊಳೆದು, ನಿನ್ನ ಪಕ್ಕದಲ್ಲೇ ಬಂದು ಕೂತು, ನೀನು ಕೊಟ್ಟ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದೆ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ನೆನಪಿರಬಹುದು. ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ನಾನು. ನನ್ನ ತೆಳು ಜಾಗ ತೋರಿಸಿದೆ, ಹದಿನಾರು, ಸರಿ. ಆಮೇಲೆ ನಾನೆದ್ದು ನಿನಗೆ ಜಾಗ ಬಿಟ್ಟೆ. ನೀನು ಚುಕ್ಕೆ ಹುಡುಕಿದೆ. ಸ್ಲೈಡನ್ನು ಎತ್ತಿ ಬೆಳಕಿಗೆ ಹಿಡಿದೆ, ಮತ್ತೆ ಇಟ್ಟೆ, ಮತ್ತೆ ಎತ್ತಿದೆ. “ಇಲ್ಲೇ ಇಟ್ಟಿದ್ನೆಲ್ರಿ...” ನಿನ್ನ ಕಿವಿ ಕೆಂಪಾಗಿತ್ತು. ಡಾಕ್ಟರಿಗೆ ಆಪರೇಷನ್ ಥಿಯೇಟರಿನಿಂದ ಫೋನು ಬಂತು. ಗಾಬರಿಯಲ್ಲಿ ಸ್ಲೈಡು ಅತ್ತಿತ್ತ ಓಡಿಸಿ, ಕೊನೆಗೆ ಅಂಚಿನ ಹತ್ತಿರ ನೀನು ಆ ಜಾಗವನ್ನು ಹಿಡಿದೇಬಿಟ್ಟೆ — ಚುಕ್ಕೆ ಇಲ್ಲದೆಯೂ! ಫೋನು ಕಿವಿಗಿಟ್ಟುಕೊಂಡೇ ಡಾಕ್ಟರು ಒಂದು ಕಣ್ಣು ಹಾಯಿಸಿ, “ಸುಮಿತ್ರಾ, ಏನಿದು ಇಲ್ಲಿ?” ಎಂದು ನನ್ನನ್ನು ಕೇಳಿದರು.

ನಾನು ಹೇಳಿದೆ: “ಅಂಚಿನ ಬಣ್ಣ ಸರ್. ಎಣಿಸೋ ಹಾಗಿಲ್ಲ.”

ಓದುವ ನಿನ್ನ ಮನೆಯವರಿಗೆ ಹೇಳಬೇಕು: ಚೂರಿನ ಅಂಚಿನಲ್ಲಿ ಕೆಲವೊಮ್ಮೆ ಬಣ್ಣ ಸುಮ್ಮನೆ ನಿಂತುಬಿಡುತ್ತದೆ, ನಾಳ ಇಲ್ಲದಿದ್ದರೂ ಎಲ್ಲ ಕಂದು ಕಾಣುತ್ತದೆ, ಅದನ್ನು ಎಣಿಸಬಾರದು. ಹೊಸಬರು ಅಲ್ಲಿ ಮೋಸ ಹೋಗುವುದುಂಟು. ನೀನು ಹೊಸಬಳು, ನಾನು ಹದಿನಾಲ್ಕು ವರ್ಷದವಳು. ಡಾಕ್ಟರು ನನ್ನನ್ನು ನಂಬಿದರು. “ನೋಡಮ್ಮಾ, ಅಂಚಿನ ಬಣ್ಣಕ್ಕೂ ನಾಳಕ್ಕೂ ವ್ಯತ್ಯಾಸ ತಿಳಿಯದಿದ್ದರೆ ಈ ಕೆಲಸ ನಿನಗೆ ಬೇಡ. ನಾಳೆಯಿಂದ ಸುಮಿತ್ರಾ ಒಬ್ಬರೇ ಎಣಿಸಲಿ” ಎಂದು ತೆಲುಗಿನಲ್ಲಿ ಅಂದು ಎದ್ದು ಹೋದರು. ಆವರೆಗೆ ನೀನು ಎಣಿಸಿದ್ದೆಲ್ಲವನ್ನೂ ಪಟ್ಟಿಯಿಂದ ತೆಗೆದರು. ಅಧ್ಯಯನ ಅಚ್ಚಾದಾಗ ಅದರಲ್ಲಿ ನನ್ನ ಹೆಸರಿತ್ತು, ನಿನ್ನದು ಇರಲಿಲ್ಲ.

ನೀನು ಜಗಳವಾಡಬಹುದಿತ್ತು. ನನ್ನ ಮೇಲೆ ಅನುಮಾನ ಪಡಬಹುದಿತ್ತು. ನೀನು ಅನುಮಾನಪಟ್ಟದ್ದು ನಿನ್ನ ಕಣ್ಣಿನ ಮೇಲೆ. ಒಂದು ವಾರ ಬಿಟ್ಟು ನನ್ನ ಹತ್ತಿರ ಬಂದು, “ಅಕ್ಕಾರ, ಚುಕ್ಕಿ ಇಟ್ಟಂಗ ನೆನಪೈತಿ, ಇಟ್ಟಿಲ್ಲ. ನಾಳ ಕಂಡಂಗ ಆಕೈತಿ, ಇಲ್ಲ. ನನ್ನ ಕಣ್ಣಾಗ ಏನೋ ದೋಷ ಐತಿ ಕಾಣ್ತೈತ್ರಿ” ಅಂದೆ. ಆಗಲಾದರೂ ನಾನು... ಇಲ್ಲ. ನಿನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ! ಅವರು ಕಣ್ಣು ಸರಿಯಿದೆ, ನಂಬರೇ ಇಲ್ಲ ಎಂದರು. ನಿನಗೆ ನಂಬಿಕೆ ಬರಲಿಲ್ಲ. ಇರಲಿ ಎಂದು ಝೀರೋ ನಂಬರಿನ ಚಷ್ಮಾ ಮಾಡಿಸಿಕೊಂಡೆ. ಕಂದು ಬಣ್ಣದ ಆ ಫ್ರೇಮು ನಿನ್ನ ಮುಖಕ್ಕೆ ಒಪ್ಪುತ್ತದೆ ಎಂದು ಆರಿಸಿಕೊಟ್ಟವಳೂ ನಾನು. ಕನ್ನಡಿಯಲ್ಲಿ ನೋಡಿಕೊಂಡು, “ಈಗ ಶಾಣೇಕಿ ಕಾಣತೀನೇನ್ರಿ?” ಎಂದು ಕೇಳಿದೆ. ಹೂಂ, ಜಾಣೆ ಕಾಣುತ್ತೀ ಎಂದೆ ನಾನು.

ಎರಡು ತಿಂಗಳಲ್ಲಿ ನೀನು ಕೆಲಸ ಬಿಟ್ಟೆ. ಕಣ್ಣಿನ ಕೆಲಸ ಇನ್ನು ಬೇಡ ಎಂದು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರ ಗೋದಾಮಿಗೆ ಸೇರಿದೆ, ಪೆಟ್ಟಿಗೆಗಳ ಮೇಲೆ ಊರಿನ ಹೆಸರು ಬರೆಯಲು. ಆ ಕಣ್ಣು, ಪೆಟ್ಟಿಗೆಗಳ ಮೇಲೆ!

ಈಗ ಸಂತೋಷದ ಮಾತಿಗೆ ಬರುತ್ತೇನೆ — ಕೂತಲ್ಲಿ ಕೂರಲಾಗುತ್ತಿಲ್ಲ ಅಂದೆನಲ್ಲ, ಅದಕ್ಕೆ. ಕಮಲಕ್ಕ ಬದುಕಿದ್ದಾಳೆ ರೇಣುಕಾ! ಬದುಕಿದ್ದಾಳೆ ಅಂದರೆ ಸುಮ್ಮನೆ ಅಲ್ಲ, ಇಡೀ ಲಿಂಗಂಪಲ್ಲಿಗೆ ಕೇಳುವ ಹಾಗೆ ಬದುಕಿದ್ದಾಳೆ. ಮಾರ್ಕೆಟ್ಟಿನಲ್ಲಿ ಅವಳು ಬದನೆಕಾಯಿ ಚೌಕಾಸಿ ಮಾಡುವಾಗ ತೆಲುಗು, ಕನ್ನಡ, ಹಿಂದಿ ಮೂರೂ ಹೆದರುತ್ತವೆ. ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರು ಏನೂ ಇಲ್ಲ, ಆರಾಮಾಗಿರಿ ಎಂದು ಕಳಿಸುತ್ತಾರೆ. ಅಷ್ಟು ನಾಳಗಳಿದ್ದ ಗಡ್ಡೆಯ ಒಡತಿ!

ಇದು ಮೊದಮೊದಲು ನನಗೆ ಬರೀ ಖುಷಿಯಾಗಿತ್ತು. ಖುಷಿಯ ನೆಪದಲ್ಲಿ ಆ ದಿನವನ್ನು ಮುಚ್ಚಿಟ್ಟಿದ್ದೆ. ಎರಡು ವಾರದ ಹಿಂದೆ ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂತು. ಸ್ಲೈಡನ್ನು ಅದರ ಬಾಯಿಗಿಟ್ಟರೆ ಇಡೀ ಚೂರು ಗೋಡೆಯ ಮೇಲಿನ ಪರದೆಯಲ್ಲಿ ಬರುತ್ತದೆ, ನಾಳಗಳು ದಟ್ಟವಾಗಿರುವ ಜಾಗಕ್ಕೆ ಯಂತ್ರವೇ ಕೆಂಪು ಸುತ್ತು ಹಾಕುತ್ತದೆ. ಹೊಸ ಮಕ್ಕಳಿಗೆ ಕಲಿಸಲೆಂದು ಹಳೆಯ ಟ್ರೇಗಳನ್ನು ತೆಗೆದು ಒಂದೊಂದೇ ಹಾಕುತ್ತಿದ್ದೆವು. ಮಾವಿನ ಹೋಳು ಬಂತು. ಗೋಡೆಯಷ್ಟು ದೊಡ್ಡದಾಗಿ. ಯಂತ್ರ ಒಂದು ಗಳಿಗೆ ಯೋಚಿಸಿ, ಅಂಚಿನಿಂದ ಸ್ವಲ್ಪ ಒಳಗೆ, ನಿನ್ನ ಹಸಿರು ಚುಕ್ಕೆ ಇದ್ದ ಕಡೆಯೇ ಸುತ್ತು ಹಾಕಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕುರ್ಚಿ ಹಿಡಿದುಕೊಂಡೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಸುಮ್ಮನಿದ್ದರೆ ಇಂದಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನಾನೇ ಎಣಿಸಿದೆ, ಈ ಸಲ ಸರಿಯಾದ ಜಾಗದಲ್ಲಿ. ನಲವತ್ತೊಂದು. ಮತ್ತೆ ಎಣಿಸಿದೆ. ನಲವತ್ತೊಂದು! ಕೂಗಿಕೊಳ್ಳಬೇಕು ಅನ್ನಿಸಿತು, ನಿನ್ನನ್ನು ಕರೆದು ತೋರಿಸಬೇಕು ಅನ್ನಿಸಿತು. ತಿರುಗಿ ನೋಡಿದರೆ ನಿನ್ನ ಸ್ಟೂಲು ಇತ್ತು, ನೀನಿರಲಿಲ್ಲ.

ಆಗ ಇನ್ನೊಂದು ಹೊಳೆಯಿತು, ಇಷ್ಟು ವರ್ಷ ಹೊಳೆಯದೇ ಇದ್ದದ್ದು. ಅಚ್ಚಾದ ಅಧ್ಯಯನದಲ್ಲಿ ಅಕ್ಕ ಇರುವುದು ಹೇಗೆ? ‘ನಾಳ ಕಡಿಮೆ, ಬದುಕಿದ್ದಾರೆ’ ಎಂದು. ನಿಜ ಏನು? ನಾಳ ತುಂಬಾ ಹೆಚ್ಚು, ಆದರೂ ಬದುಕಿದ್ದಾಳೆ. ಯಾವುದೋ ಊರಿನಲ್ಲಿ ಅಂಥದ್ದೇ ರಿಪೋರ್ಟು ಕೈಯಲ್ಲಿ ಹಿಡಿದುಕೊಂಡು ಎದೆ ಒಡೆದು ಕೂತ ಇನ್ನೊಬ್ಬ ತಂಗಿಗೆ, ನೋಡಮ್ಮಾ, ಇಷ್ಟಿದ್ದೂ ಬದುಕಿದವರಿದ್ದಾರೆ ಎಂದು ಅವಳ ಡಾಕ್ಟರು ತೋರಿಸಬಹುದಾಗಿದ್ದ ಒಂದು ಉದಾಹರಣೆಯನ್ನು ನಾನು ಅಳಿಸಿದ್ದೆ. ಅಕ್ಕನ ಬದುಕಿನ ಬಗ್ಗೆ ಹೆದರಿ ನಾನು ಅಡಗಿಸಿದ್ದು ಅಕ್ಕನ ಬದುಕನ್ನೇ. ಒಬ್ಬರ ಸ್ಲೈಡಿನಿಂದ ಎಲ್ಲರ ಹಣೆಬರಹ ಬದಲಾಗುವುದಿಲ್ಲ, ಗೊತ್ತು. ಆದರೂ ಅದು ಅಲ್ಲಿ ಇರಬೇಕಿತ್ತು.

ಅಕ್ಕನಿಗೆ ಕಳೆದ ಭಾನುವಾರ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿದಳು, ಕೈ ನಿಲ್ಲಿಸಿದಳು. “ನನ್ನ ಹೆಸರಿಲೆ ಆ ಹುಡಿಗಿ ಕಣ್ಣ ಕಳದಿ ಏನ?” ಅಂದಳು. “ನಿನ್ನ ಮ್ಯಾಲಿನ ಜೀವಕ್ಕ ಹಂಗ ಮಾಡಿದೆ ಅಕ್ಕಾ” ಎಂದೆ. “ನನ್ನ ಮ್ಯಾಲ ಹಾಕಬ್ಯಾಡ. ಹಂಗ ಮಾಡಂತ ನಾ ಹೇಳಿದ್ನೇನ?” ಅಷ್ಟೇ ಅಂದು ತಿರುಗಿ ರೊಟ್ಟಿ ಬಡಿಯತೊಡಗಿದಳು. ಮರುದಿನ ಬೆಳಿಗ್ಗೆ, “ನನಗ ಗಂಜಿ ತಂದು ಕುಡಿಸಿದಾಕಿ ಅಲ್ಲೇನ ಅಕಿ?” ಎಂದು ಕೇಳಿದಳು. ನಾನು ತಲೆಯಾಡಿಸಿದೆ.

ಬುಧವಾರ ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಓದಿ ಮುಗಿಸಿ ಹಳೆಯ ರಿಜಿಸ್ಟರು ತರಿಸಿದರು. ಆ ದಿನ ತಾವೇ ಸರಿಯಾಗಿ ನೋಡಬೇಕಿತ್ತು ಎಂದರು. ಅದು ಅವರ ಮಾತು. ನನ್ನ ಭಾರ ಇಳಿಸಿಕೊಳ್ಳಲು ನಾನು ಅದನ್ನು ಬಳಸುವುದಿಲ್ಲ. ಅಚ್ಚು ಮಾಡಿದವರಿಗೆ ತಿದ್ದುಪಡಿ ಬರೆಯುತ್ತಾರೆ. ನಿನ್ನ ಎಣಿಕೆಗಳು ಹಳೆಯ ರಿಜಿಸ್ಟರಿನಲ್ಲಿ ನಿನ್ನ ದುಂಡು ಅಕ್ಷರದಲ್ಲಿ ಹಾಗೇ ಇವೆ, ಅವನ್ನು ಮತ್ತೆ ಸೇರಿಸುತ್ತಾರೆ, ನಿನ್ನ ಹೆಸರಿನ ಸಮೇತ. ನನ್ನನ್ನು ಎಣಿಸುವ, ಕಲಿಸುವ ಕೆಲಸದಿಂದ ತೆಗೆದಿದ್ದಾರೆ. ವಿಚಾರಣೆ ನಡೆಯುತ್ತದೆ. ನಡೆಯಬೇಕಾದದ್ದೇ. ನೀನು ಬಂದು ಹೇಳಿಕೆ ಕೊಡಬೇಕು ಎಂದರೆ ನನ್ನ ಮುಖ ನೋಡದೆ ಕೊಡು.

ರೋಗಿಗೆ ತನ್ನ ಸ್ಲೈಡನ್ನು ಕೇಳಿ ಪಡೆಯುವ ಹಕ್ಕಿದೆ, ನಿನಗೆ ಗೊತ್ತಲ್ಲ, ಬೇರೆ ಡಾಕ್ಟರಿಗೆ ತೋರಿಸಲು ಎಷ್ಟೋ ಜನ ಒಯ್ಯುತ್ತಿದ್ದರು. ನಿನ್ನೆ ಕಮಲಕ್ಕ ತಾನೇ ಬಂದು ಅರ್ಜಿ ಕೊಟ್ಟಳು. ಯಾರಿಗೆ ತೋರಿಸಬೇಕು ಎಂದು ಗುಮಾಸ್ತ ಕೇಳಿದ್ದಕ್ಕೆ, “ಪಟಾನ್‌ಚೆರುದಾಗ ಒಬ್ಬಾಕಿ ಅದಾಳ, ಅಕಿಗೆ ತಿಳದಷ್ಟು ನಿಮಗ್ಯಾರಿಗೂ ತಿಳ್ಯಾಂಗಿಲ್ಲ” ಎಂದು ದಬಾಯಿಸಿ, ಸಹಿ ಹಾಕಿ, ಸ್ಲೈಡಿನ ಪೆಟ್ಟಿಗೆಯನ್ನು ತನ್ನ ಪರ್ಸಿನಲ್ಲಿ ಎಲೆ ಅಡಕೆಯ ಪಕ್ಕ ಇಟ್ಟುಕೊಂಡಳು. ನಾಳೆ ಅವಳೂ ಬರುತ್ತಾಳೆ. ಬೇಡ ಅಂದರೆ ಕೇಳುವವಳಲ್ಲ. “ಅಕಿ ಎಣಿಸಿದ್ದು ನನ್ನ ಗರ್ಭಕೋಶನಲ್ಲಾ, ನಾ ಬರದ ಯಾರ ಬರಬೇಕು?” ಎನ್ನುತ್ತಾಳೆ.

ನಮ್ಮ ಜೊತೆ ಒಂದು ಮರದ ಪೆಟ್ಟಿಗೆ ಇರುತ್ತದೆ. ಲ್ಯಾಬಿನವರು ಬೇಡವೆಂದು ತೆಗೆದಾಗ ನಾನು ಮನೆಗೆ ತಂದಿಟ್ಟುಕೊಂಡಿದ್ದ ಹಳೆಯ ಮೈಕ್ರೋಸ್ಕೋಪು, ಕೆಳಗೆ ಕನ್ನಡಿ ಇರುವುದು. ಕರೆಂಟು ಬೇಡ, ಕಿಟಕಿಯ ಬೆಳಕು ಸಾಕು. ಬಸ್ಸಿನಲ್ಲಿ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳಂತೆ, ನನ್ನ ಕೈಗೆ ಕೊಡುವುದಿಲ್ಲವಂತೆ. ನನ್ನನ್ನು ನಂಬುವುದು ಬಿಟ್ಟಿದ್ದಾಳೆ, ಸರಿಯಾಗಿಯೇ ಇದೆ.

ಕ್ಷಮಿಸು ಎಂದು ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಮರೆತದ್ದಲ್ಲ. ಆ ಪದ ಬರೆದರೆ ನೀನು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ, ನಿನ್ನಿಂದ ಮತ್ತೆ ಏನನ್ನಾದರೂ ಕೇಳುವ ಯೋಗ್ಯತೆ ನನಗಿಲ್ಲ. ಊಟಕ್ಕೆ ಇರಿ ಅಂದಿದ್ದೀಯ. ಓದಿದ ಮೇಲೆ ಆ ಮಾತು ಹಿಂದಕ್ಕೆ ತೆಗೆದುಕೊಂಡರೆ ನಾವು ಎದ್ದು ಬಸ್‌ ಸ್ಟ್ಯಾಂಡಿಗೆ ಹೋಗುತ್ತೇವೆ.

ಸ್ಲೈಡು ಹಾಗೇ ಇದೆ, ಅದರ ಮೇಲೆ ಯಾವ ಗುರುತೂ ಇಲ್ಲ. ಹೊಸದೊಂದು ಹಸಿರು ಮಾರ್ಕರ್ ತಂದಿದ್ದೇನೆ. ನಮ್ಮನ್ನು ಕಳಿಸುವ ಮುಂಚೆ, ಆ ಮರದ ಪೆಟ್ಟಿಗೆ ತೆರೆದು, ಕಿಟಕಿಯ ಹತ್ತಿರ ಕೂತು, ಒಂದೇ ಒಂದು ಸಲ — ಚಷ್ಮಾ ತೆಗೆದು ನೋಡು, ರೇಣುಕಾ.